ಫೇಲಾದವರ ಲೆಕ್ಕ: ಕೊಡಗು, ಬಾಗ್ದಾದ್ ಮತ್ತು ಕಸುಬು ಬದಲಿಸುವ ಪ್ರಶ್ನೆ

ಬಹ್ರೇನಿನಲ್ಲಿ ಇರುವವರಿಗೆ ಸಲ್ಮಾಬಾದ್ ಅಂದ್ರೆ ಗ್ಯಾರೇಜು, ವರ್ಕ್‌ಶಾಪು. ಇಲ್ಲಿ ಒಂದು ಕಸುಬಿಗೆ ಅಂತ ಬಂದು, ಅದು ಕೈಗೆ ಹತ್ತದೆ, ಇನ್ನೊಂದರಲ್ಲಿ ಪಳಗಿದವರು ಬೇಕಾದಷ್ಟು ಜನ ಸಿಗ್ತಾರೆ. ವೆಲ್ಡಿಂಗ್ ಬಿಟ್ಟು ಎಸಿ ರಿಪೇರಿಗೆ ಹೋದವನನ್ನು ಯಾರೂ ಸೋತವನು ಅನ್ನಲ್ಲ. ಆದ್ರೆ ಅದೇ ಮಾತು ಸೇನೆಗೆ ಬಂದಾಗ ನಮ್ಮ ಮನೆಗಳಲ್ಲಿ ಧ್ವನಿ ಬದಲಾಗುತ್ತೆ.

ಈ ವಿಷಯ ಆರಿಸಿಕೊಳ್ಳೋಕೆ ಕಾರಣ ಇದೆ. ವಿದೇಶದಲ್ಲೇ ಹುಟ್ಟಿ ಬೆಳೆದ ನನ್ನ ಸಂಬಂಧಿಕರ ಹುಡುಗನೊಬ್ಬ ಅಲ್ಲಿನ ಸೇನೆಗೆ ಸೇರಿದ. ಮೊದಲ ತರಬೇತಿ ಚೆನ್ನಾಗಿಯೇ ಮುಗಿಸಿದ. ಆಮೇಲೆ ಕೊಟ್ಟ ತಾಂತ್ರಿಕ ಕೋರ್ಸ್‌ನಲ್ಲಿ ಎರಡು ಸಲ ಪರೀಕ್ಷೆ ಹೋಯ್ತು. ಬೇರೆ ವಿಭಾಗಕ್ಕೆ ಹೋಗ್ತೀನಿ ಅಂತಾನೆ. ಮನೆಯವರು ಮಾತ್ರ, "ಜನ ಏನಂತಾರೆ?" ಅಂತ ಕೂತಿದ್ದಾರೆ. ನಾನು ದಿನವಿಡೀ ಅಂಕಿ-ಅಂಶಗಳ ಜೊತೆ ಕೆಲಸ ಮಾಡುವವನು. ನನಗೆ ಕಾಡಿದ ಪ್ರಶ್ನೆ ಬೇರೆ: ಒಬ್ಬ ತರಬೇತಿಯಲ್ಲಿ ಎಡವಿದಾಗ ನಾವು ಅಳೀತಾ ಇರೋದು ಏನನ್ನು? ಅವನನ್ನೋ, ಅವನಿಗೆ ಸಿಕ್ಕ ತಯಾರಿಯನ್ನೋ, ಅಥವಾ ಅವನಿಗೆ ಕೊಟ್ಟ ಕಸುಬನ್ನೋ? ಈ ಮೂರನ್ನೂ ಬಿಡಿಸಿ ನೋಡೋಕೆ ನೂರು ವರ್ಷ ಹಿಂದಕ್ಕೆ ಹೋಗೋಣ.

ನಾನಿರುವ ಈ ದ್ವೀಪಕ್ಕೂ ಆ ಕಥೆಗೂ ಒಂದು ಎಳೆ ಇದೆ. 1914ರ ಅಕ್ಟೋಬರ್‌ನಲ್ಲಿ ಭಾರತದಿಂದ ಹೊರಟ ಸೈನ್ಯದ ಹಡಗುಗಳು ಬಹ್ರೇನಿನ ಹತ್ತಿರ ಲಂಗರು ಹಾಕಿ ಆಜ್ಞೆಗಾಗಿ ಕಾದವು. ನವೆಂಬರ್‌ನಲ್ಲಿ ಆ ಸೈನ್ಯ ಫಾವ್‌ನಲ್ಲಿ ಇಳಿಯಿತು. ಮೆಸಪಟೋಮಿಯಾ, ಅಂದ್ರೆ ಇಂದಿನ ಇರಾಕ್, ಬ್ರಿಟಿಷರ ಕೈಗೆ ಬಂತು. ಕೊಡಗಿನ ಇಬ್ಬರು ಯುವ ಅಧಿಕಾರಿಗಳು ತಮ್ಮ ಮೊದಲ ವರ್ಷಗಳನ್ನು ಕಳೆದದ್ದು ಅಲ್ಲೇ. ಒಬ್ಬರು ಕೆ. ಎಂ. ಕಾರ್ಯಪ್ಪ, ಇನ್ನೊಬ್ಬರು ಕೆ. ಎಸ್. ತಿಮ್ಮಯ್ಯ.

ಮೊದಲು ತಯಾರಿಯ ಮಾತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ಭಾರತೀಯರಿಗೆ ವರ್ಷಕ್ಕೆ 10 ಸೀಟು ಕೊಟ್ಟರು. ಹೋದವರಲ್ಲಿ ಫೇಲಾಗುವವರ ಪ್ರಮಾಣ ಇಂಗ್ಲಿಷ್ ಹುಡುಗರಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. "ನೋಡಿ, ಭಾರತೀಯರಿಗೆ ಅಧಿಕಾರಿಯಾಗೋ ಯೋಗ್ಯತೆ ಇಲ್ಲ" ಅನ್ನೋಕೆ ಕೆಲವರಿಗೆ ಅಷ್ಟೇ ಸಾಕಾಯ್ತು. ಆದ್ರೆ ಯೋಚಿಸಿ. ಒಂದು ಕಡೆ ಚಿಕ್ಕಂದಿನಿಂದ ಅದೇ ಭಾಷೆ, ಅದೇ ಆಟ, ಅದೇ ಊಟದ ಮೇಜಿನ ರೀತಿನೀತಿ ಕಲಿತ ಹುಡುಗ. ಇನ್ನೊಂದು ಕಡೆ ಮನೆಯಿಂದ ಸಾವಿರಾರು ಮೈಲಿ ದೂರ ಬಂದು, ಪಾಠದ ಜೊತೆ ಇದೆಲ್ಲವನ್ನೂ ಹೊಸದಾಗಿ ಕಲಿಯಬೇಕಾದ ಹುಡುಗ. ಪರೀಕ್ಷೆ ಒಂದೇ, ಆದ್ರೆ ಅಳೀತಿದ್ದದ್ದು ಒಂದನ್ನೇ ಅಲ್ಲ. ಇದಕ್ಕೆ ಪರಿಹಾರವಾಗಿ 1922ರಲ್ಲಿ ಡೆಹ್ರಾಡೂನ್‌ನಲ್ಲಿ ಪೂರ್ವಸಿದ್ಧತೆಯ ಶಾಲೆ ಶುರುವಾಯ್ತು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ್ದ ತಿಮ್ಮಯ್ಯ ಆ ಶಾಲೆಗೆ ಹೋಗಿ, ಅಲ್ಲಿಂದ ಸ್ಯಾಂಡ್‌ಹರ್ಸ್ಟ್ ದಾಟಿ, 1926ರಲ್ಲಿ ಅಧಿಕಾರಿಯಾದರು. ತಯಾರಿ ಬದಲಾದಾಗ ಫಲಿತಾಂಶವೂ ಬದಲಾಗುತ್ತೆ.

ಇನ್ನು ಕಸುಬಿನ ಮಾತು. ಪಾಸಾದ ಮೇಲಾದರೂ ಇಷ್ಟ ಬಂದ ವಿಭಾಗ ಸಿಗ್ತಿತ್ತಾ? ಇಲ್ಲ. ಸ್ಯಾಂಡ್‌ಹರ್ಸ್ಟ್ ತಯಾರು ಮಾಡ್ತಿದ್ದದ್ದು ಪದಾತಿ ದಳ ಮತ್ತು ಅಶ್ವದಳಕ್ಕೆ, ಅಂದ್ರೆ ಕಾಲಾಳು ಮತ್ತು ಕುದುರೆ ಸವಾರರಿಗೆ. ಫಿರಂಗಿ ದಳ, ಎಂಜಿನಿಯರಿಂಗ್ ದಳಕ್ಕೆ ವುಲಿಚ್ ಅನ್ನೋ ಬೇರೆ ಕಾಲೇಜು. ಅದರ ಬಾಗಿಲು ಆಗಿನ್ನೂ ಭಾರತೀಯರಿಗೆ ತೆರೆದಿರಲಿಲ್ಲ. 1923ರಲ್ಲಿ ಇನ್ನೊಂದು ಬೇಲಿ ಬಂತು: ಹೊಸ ಭಾರತೀಯ ಅಧಿಕಾರಿಗಳು ಗುರುತಿಸಿದ ಎಂಟು ತುಕಡಿಗಳಿಗೆ ಮಾತ್ರ ಹೋಗಬೇಕು. ತಿಮ್ಮಯ್ಯ ಬಾಗ್ದಾದ್‌ಗೆ ಹೋಗಿ ಸೇರಿದ 4/19 ಹೈದರಾಬಾದ್ ರೆಜಿಮೆಂಟ್ ಆ ಎಂಟರಲ್ಲಿ ಒಂದು. ಕಾರ್ಯಪ್ಪನವರದು ಇನ್ನೂ ಸುತ್ತುದಾರಿ. ಇಂದೋರ್‌ನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿ 1919ರಲ್ಲಿ ಕಾರ್ನಾಟಿಕ್ ಇನ್‌ಫೆಂಟ್ರಿ ಸೇರಿದರು. ಅಲ್ಲಿಂದ ನೇಪಿಯರ್ಸ್ ರೈಫಲ್ಸ್, ಆಮೇಲೆ ಡೋಗ್ರಾ, 1923ರಲ್ಲಿ ರಾಜ್‌ಪೂತ್. ನಾಲ್ಕು ವರ್ಷದಲ್ಲಿ ನಾಲ್ಕು ತುಕಡಿ! ಇಂದಿನ ರೆಸ್ಯೂಮೆಯಲ್ಲಿ ಹೀಗಿದ್ರೆ ಎಚ್‌ಆರ್‌ನವರು ಹುಬ್ಬೇರಿಸ್ತಾರೆ.

ಸರಿಯಾಗಿ ನಮ್ಮ ಹುಡುಗನ ಪ್ರಶ್ನೆಗೇ ಹೊಂದುವ ಉದಾಹರಣೆ ಸಿಗೋದು ವಾಯುಪಡೆಯಲ್ಲಿ. 1930ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್‌ಗೆ ಭಾರತದ ಆರು ಯುವಕರು ವಿಮಾನ ಹಾರಿಸೋದನ್ನ ಕಲಿಯೋಕೆ ಹೋದರು. ಐದು ಜನ ಪೈಲಟ್ ಆದರು. ಆರನೆಯವರು ಜೆ. ಎನ್. ಟಂಡನ್. ಅವರ ಎತ್ತರ ಕಡಿಮೆ. ಅದು ಬುದ್ಧಿಯ ಕೊರತೆಯೂ ಅಲ್ಲ, ಧೈರ್ಯದ ಕೊರತೆಯೂ ಅಲ್ಲ, ವಿಮಾನದ ಅಳತೆಗೂ ಮನುಷ್ಯನ ಅಳತೆಗೂ ತಾಳೆಯಾಗಲಿಲ್ಲ, ಅಷ್ಟೇ. ಅವರನ್ನು ಮನೆಗೆ ಕಳಿಸಲಿಲ್ಲ. ಸಾಮಗ್ರಿ ಪೂರೈಕೆಯ ವಿಭಾಗಕ್ಕೆ ಹಾಕಿದರು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಮೊದಲ ಸ್ಕ್ವಾಡ್ರನ್ ಹುಟ್ಟಿದಾಗ ಪೈಲಟ್‌ಗಳ ಹೆಸರು ಚರಿತ್ರೆಗೆ ಸೇರಿತು. ಆದ್ರೆ ಬಿಡಿಭಾಗ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಯಾವ ವಿಮಾನವೂ ಮೇಲೇಳಲ್ಲ. ಸಲ್ಮಾಬಾದ್‌ನ ಯಾವ ಮೆಕ್ಯಾನಿಕ್‌ನನ್ನು ಕೇಳಿದ್ರೂ ಈ ಮಾತು ಹೇಳ್ತಾನೆ.

ಮೂರನೆಯದು ಮನಸ್ಸಿನ ಮಾತು. ಕೆಲವೊಮ್ಮೆ ಕೆಲಸ ಬರುತ್ತೆ, ಆದ್ರೂ ಬಿಟ್ಟುಬಿಡೋಣ ಅನ್ಸುತ್ತೆ. ತಿಮ್ಮಯ್ಯನವರಿಗೆ ಹಾಗೇ ಆಯ್ತು. ಸ್ವಾತಂತ್ರ್ಯ ಚಳವಳಿಯ ಕಾಲ. ತಮ್ಮ ಜನ ಜೈಲಿಗೆ ಹೋಗ್ತಿರುವಾಗ ತಾವು ಬ್ರಿಟಿಷರ ಸಮವಸ್ತ್ರ ತೊಡೋದು ಸರಿಯಾ? ಅಲಹಾಬಾದ್‌ನಲ್ಲಿದ್ದಾಗ ಅವರು ಈ ಪ್ರಶ್ನೆಯನ್ನು ಮೋತಿಲಾಲ್ ನೆಹರೂ ಮುಂದೆ ಇಟ್ಟರು. ರಾಜೀನಾಮೆ ಬೇಡ, ಸ್ವತಂತ್ರ ಭಾರತಕ್ಕೆ ತರಬೇತಾದ ಅಧಿಕಾರಿಗಳು ಬೇಕಾಗ್ತಾರೆ ಅನ್ನೋದು ಮೋತಿಲಾಲರ ಉತ್ತರದ ಸಾರ. ಗಮನಿಸಿ, ಅವರು ಮಾನ-ಮರ್ಯಾದೆಯ ಮಾತು ಎತ್ತಲಿಲ್ಲ. ಉಳಿಯೋದಕ್ಕೆ ಒಂದು ಕಾರಣ ಕೊಟ್ಟರು. ತಿಮ್ಮಯ್ಯ ಉಳಿದರು, ಬರ್ಮಾದಲ್ಲಿ ಬ್ರಿಗೇಡ್ ಮುನ್ನಡೆಸಿದರು, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಕಾರ್ಯಪ್ಪ 1942ರಲ್ಲಿ ಒಂದು ಬೆಟಾಲಿಯನ್‌ನ ಹೊಣೆ ಹೊತ್ತ ಮೊದಲ ಭಾರತೀಯ ಅಧಿಕಾರಿ. ಆ ತುಕಡಿ ಮಷೀನ್‌ಗನ್‌ಗೆ ಅಂತ ಶುರುವಾಗಿ, ಟ್ಯಾಂಕ್ ಡಿವಿಷನ್‌ಗೆ ಸೇರಿ, ಕೊನೆಗೆ ಮತ್ತೆ ಪದಾತಿ ಆಯ್ತು. ಸೇನೆ ತನಗೆ ಬೇಕಾದಾಗ ಇಡೀ ಬೆಟಾಲಿಯನ್ನಿನ ಕಸುಬನ್ನೇ ಬದಲಿಸಿತು. ಅದನ್ನು ಯಾರೂ ಸೋಲು ಅನ್ನಲಿಲ್ಲ. ಹಾಗಿದ್ದ ಮೇಲೆ ಒಬ್ಬ ಹುಡುಗ ಕೇಳಿದ್ರೆ ಯಾಕೆ ಸೋಲು?

ಹಾಗಂತ ಕಷ್ಟ ಬಂದ ತಕ್ಷಣ ಬಿಡಿ ಅಂತ ಹೇಳ್ತಿಲ್ಲ. ನಿಮ್ಮ ಮನೆಯಲ್ಲೂ ಇಂಥ ಫೋನ್ ಬಂದ್ರೆ, ಸೇನೆಯಿಂದಲೇ ಆಗಲಿ ಎಂಜಿನಿಯರಿಂಗ್ ಕಾಲೇಜಿನಿಂದಲೇ ಆಗಲಿ, ಮೂರು ಪ್ರಶ್ನೆ ಕೇಳಿ. ತಯಾರಿ ಸಾಲದಾಯ್ತಾ? ಹಾಗಾದ್ರೆ ಇನ್ನೊಂದು ಅವಕಾಶ, ಸಹಾಯ ಮಾಡುವ ಒಬ್ಬ ಗುರು ಬೇಕು. ಕಸುಬೇ ಒಗ್ಗಲಿಲ್ವಾ? ಹಾಗಾದ್ರೆ ಯಾವ ಬಾಗಿಲು ತೆರೆದಿದೆ, ಹೋಗೋಕೆ ಕಟ್ಟಬೇಕಾದ ಬೆಲೆ ಎಷ್ಟು ಅಂತ ಬರವಣಿಗೆಯಲ್ಲಿ ತಿಳಿದುಕೊಳ್ಳಲಿ. ಕೆಲಸ ಬಂದರೂ ಮನಸ್ಸು ನಿಲ್ತಿಲ್ವಾ? ಆಗ ಬೇಕಾಗಿರೋದು ಉಪದೇಶ ಅಲ್ಲ, ಉಳಿಯೋಕೆ ಒಂದು ನಿಜವಾದ ಕಾರಣ. ಅಂಥ ಕಾರಣ ನಿಮ್ಮ ಹತ್ತಿರ ಇಲ್ಲದಿದ್ರೆ ಸುಮ್ನೆ ಕೇಳಿಸಿಕೊಳ್ಳಿ, ಅದೂ ಸಹಾಯವೇ.

ಈ ಬಾಗಿಲುಗಳಲ್ಲಿ ಎಷ್ಟೋ ನಮ್ಮ ಹಿಂದಿನವರಿಗೆ ಮುಚ್ಚಿದ್ದವು. ನಮ್ಮ ಮಕ್ಕಳಿಗೆ ತೆರೆದಿವೆ. ನಾಚಿಕೆಯಿಂದ ನಾವೇ ಅವನ್ನು ಮುಚ್ಚೋದು ಬೇಡ.