ಅಲಂಕಾರಿಕ ಮೀನುಗಳ ಮರಿ ಉತ್ಪಾದನೆ ಮತ್ತು ನೀರಿನ ಗಡಸುತನ: ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಅಲಂಕಾರಿಕ ಮೀನುಗಳ ಘಟಕ ಸ್ಥಾಪಿಸಲು ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರು ಸಾಮಾನ್ಯವಾಗಿ ಜಾಗ, ತೊಟ್ಟಿ ಮತ್ತು ಮಾರುಕಟ್ಟೆಯ ಬಗ್ಗೆ ವಿಚಾರಿಸುತ್ತಾರೆ. ನೀರು ಎಷ್ಟು ದೊರೆಯುತ್ತದೆ ಎಂಬುದನ್ನೂ ಗಮನಿಸಲಾಗುತ್ತದೆ. ಆದರೆ ಅದು ಎಂತಹ ನೀರು ಎಂಬುದನ್ನು ಪರಿಶೀಲಿಸುವವರು ವಿರಳ. ಮೀನು ಸಾಕುವುದಷ್ಟೇ ಉದ್ದೇಶವಾಗಿದ್ದಲ್ಲಿ ಇದರಿಂದ ಹೆಚ್ಚಿನ ತೊಂದರೆಯಾಗದು. ಮರಿ ಉತ್ಪಾದನೆ ಉದ್ದೇಶವಾಗಿದ್ದಲ್ಲಿ ಮಾತ್ರ ಘಟಕದ ಯಶಸ್ಸು ಬಹುಮಟ್ಟಿಗೆ ನೀರಿನ ಗಡಸುತನವನ್ನೇ ಅವಲಂಬಿಸಿರುತ್ತದೆ.

ಗಡಸುತನ ಎಂದರೇನು?

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳ ಪ್ರಮಾಣವನ್ನು ಗಡಸುತನ ಎನ್ನಲಾಗುತ್ತದೆ. ಇದನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. 75 ಮಿ.ಗ್ರಾಂ.ವರೆಗೆ ಮೆದು ನೀರು, 150ರವರೆಗೆ ಸಾಧಾರಣ, 300ರವರೆಗೆ ಗಡಸು ಮತ್ತು ಅದಕ್ಕೂ ಮೇಲ್ಪಟ್ಟು ಅತಿ ಗಡಸು ನೀರು ಎಂದು ಪರಿಗಣಿಸುವುದು ವಾಡಿಕೆ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ಕಿಟ್‌ಗಳು ಜರ್ಮನ್ ಡಿಗ್ರಿಯಲ್ಲಿ ಅಳತೆ ತೋರಿಸುತ್ತವೆ. ಒಂದು ಡಿಗ್ರಿ ಸುಮಾರು 17.8 ಮಿ.ಗ್ರಾಂ.ಗೆ ಸಮ.

ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದು, ಬೇಳೆ ಬೇಗನೆ ಬೇಯದಿರುವುದು, ಸೋಪಿನ ನೊರೆ ಬಾರದಿರುವುದು ಗಡಸು ನೀರಿನ ಲಕ್ಷಣಗಳು. ಕೊಳ್ಳೇಗಾಲದ ರೇಷ್ಮೆ ನೂಲು ಬಿಚ್ಚಣಿಕೆದಾರರಿಗೆ ಈ ನೀರಿನ ಉಪದ್ರವವನ್ನು ವಿವರಿಸುವ ಅಗತ್ಯವಿಲ್ಲ.

ಈ ಭಾಗದಲ್ಲಿ ಅಂತರ್ಜಲವು ಗಟ್ಟಿ ಶಿಲೆಯ ಬಿರುಕುಗಳಲ್ಲಿ ಸಂಗ್ರಹವಾಗುತ್ತದೆ. ನೀರು ಶಿಲೆಯೊಡನೆ ದೀರ್ಘಕಾಲ ಸಂಪರ್ಕದಲ್ಲಿದ್ದಷ್ಟೂ ಲವಣಗಳು ಹೆಚ್ಚು ಕರಗುತ್ತವೆ. ಆದುದರಿಂದ ಕಾವೇರಿ ಹಾಗೂ ಸುವರ್ಣಾವತಿ ನದಿಗಳ ನೀರಿಗಿಂತ ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಹೆಚ್ಚು ಗಡಸಾಗಿರುತ್ತದೆ. ಅಕ್ಕಪಕ್ಕದ ಎರಡು ಕೊಳವೆ ಬಾವಿಗಳ ನೀರಿನಲ್ಲೂ ಗಣನೀಯ ವ್ಯತ್ಯಾಸ ಇರಬಹುದಾದ್ದರಿಂದ ನೆರೆಯವರ ವರದಿಯನ್ನು ನಂಬಿ ಘಟಕ ಕಟ್ಟುವುದು ಸೂಕ್ತವಲ್ಲ.

ಮೊಟ್ಟೆಯ ಮೇಲಿನ ಪರಿಣಾಮ

ಮೊಟ್ಟೆಯಿಡುವ ಮೀನುಗಳಲ್ಲಿ ಗರ್ಭಧಾರಣೆಯು ದೇಹದ ಹೊರಗೆ, ನೀರಿನಲ್ಲಿಯೇ ನಡೆಯುತ್ತದೆ. ಹೊರಬಿದ್ದ ಮೊಟ್ಟೆಯು ನೀರನ್ನು ಹೀರಿ ಉಬ್ಬುತ್ತದೆ ಮತ್ತು ಅದರ ಹೊರಪೊರೆ ಬಿಗಿಯಾಗುತ್ತದೆ. ಪೊರೆಯಲ್ಲಿರುವ ಸೂಕ್ಷ್ಮ ರಂಧ್ರದ ಮೂಲಕ ವೀರ್ಯಾಣು ಒಳಹೋಗಲು ದೊರೆಯುವ ಅವಧಿ ಅತ್ಯಲ್ಪ. ಮೆದು ನೀರಿನ ಹೊಳೆಗಳಿಗೆ ಹೊಂದಿಕೊಂಡ ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ ಮತ್ತು ಡಿಸ್ಕಸ್ ಮೀನುಗಳು ಗಡಸು ನೀರಿನಲ್ಲಿ ಬದುಕಿ ಮೊಟ್ಟೆಯನ್ನೂ ಇಡಬಹುದು. ಆದರೆ ಮೊಟ್ಟೆಗಳು ಫಲಿತವಾಗುವುದಿಲ್ಲ, ಇಲ್ಲವೇ ಮರಿ ಪೊರೆಯೊಡೆದು ಹೊರಬರುವುದಿಲ್ಲ.

ನಷ್ಟಕ್ಕೆ ಹೆಚ್ಚಾಗಿ ದಾರಿಯಾಗುವುದು ಇಲ್ಲಿಯೇ. ಫಲಿತವಾಗದ ಮೊಟ್ಟೆಯು ಒಂದೆರಡು ದಿನಗಳಲ್ಲಿ ಬೆಳ್ಳಗಾಗಿ ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಇದನ್ನು ರೋಗವೆಂದು ಭಾವಿಸಿ ಔಷಧಿ ಹಾಕಲಾಗುತ್ತದೆ, ಬಳಿಕ ತಾಯಿ ಮೀನುಗಳನ್ನೇ ಬದಲಾಯಿಸಲಾಗುತ್ತದೆ. ನೀರು ಮಾತ್ರ ಅದೇ ಇರುತ್ತದೆ.

ಹಾಗೆಂದು ಗಡಸುತನ ಕಡಿಮೆಯಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಬೆಳ್ಳಿ ಗೆಂಡೆ ಮೊಟ್ಟೆಗಳ ಕುರಿತು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 300ರಿಂದ 500 ಮಿ.ಗ್ರಾಂ. ಗಡಸುತನದ ನೀರು ಉತ್ತಮವೆಂದು ಕಂಡುಬಂದಿತ್ತು. ಮೆದು ನೀರಿನಲ್ಲಿ ಆ ಮೊಟ್ಟೆಗಳು ಅವಧಿಗೆ ಮುನ್ನವೇ ಒಡೆಯುತ್ತವೆ. ಪ್ರತಿ ಜಾತಿಗೂ ಅದರದೇ ಆದ ಮಿತಿ ಇದೆ.

ತಳಿಯ ಆಯ್ಕೆ

ಗಪ್ಪಿ, ಮೋಲಿ, ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಮೀನುಗಳು ನೇರವಾಗಿ ಮರಿ ಹಾಕುತ್ತವೆ. ಇವುಗಳ ಗರ್ಭಧಾರಣೆ ದೇಹದೊಳಗೆ ನಡೆಯುವುದರಿಂದ ಮೇಲ್ಕಂಡ ತೊಂದರೆ ಇಲ್ಲ. ಮೋಲಿಗೆ ಗಡಸು ನೀರೇ ಹಿತ. ಕೊಳವೆ ಬಾವಿಯೊಂದನ್ನೇ ಅವಲಂಬಿಸಿರುವ ಹೊಸಬರಿಗೆ ಇವೇ ಸೂಕ್ತ. ಗೋಲ್ಡ್ ಫಿಶ್ ಮತ್ತು ಕೊಯ್ ಸಾಧಾರಣ ಗಡಸುತನದಲ್ಲಿ ಉತ್ತಮ ಫಲಿತಾಂಶ ನೀಡುತ್ತವೆ. ಏಂಜೆಲ್ ಮೀನಿನ ಮರಿ ಉತ್ಪಾದನೆಗೆ ಸುಮಾರು 100 ಮಿ.ಗ್ರಾಂ. ಆಸುಪಾಸಿನ ನೀರನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು. ಟೆಟ್ರಾ ಮತ್ತು ಡಿಸ್ಕಸ್ ಮೀನುಗಳಿಗೆ ಇದಕ್ಕಿಂತಲೂ ಮೆದು ನೀರು ಬೇಕು. ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಇವುಗಳಿಂದ ಆರಂಭಿಸುವುದು ಸರಿಯಲ್ಲ.

ಗಡಸುತನ ತಗ್ಗಿಸುವ ವಿಧಾನ

ಅತ್ಯಂತ ಕಡಿಮೆ ಖರ್ಚಿನ ಮಾರ್ಗವೆಂದರೆ ಮಳೆನೀರು. 50 ಚದರ ಮೀಟರ್ ಚಾವಣಿಯ ಮೇಲೆ 100 ಮಿ.ಮೀ. ಮಳೆ ಬಿದ್ದಲ್ಲಿ 5,000 ಲೀಟರ್ ನೀರಾಗುತ್ತದೆ. ಸೋರಿಕೆ ಮತ್ತು ಮೊದಲ ಮಳೆಯ ಕೊಳೆ ನೀರನ್ನು ಕಳೆದರೂ ಸುಮಾರು 4,000 ಲೀಟರ್ ಉಳಿಯುತ್ತದೆ. ಈ ಜಿಲ್ಲೆಯಲ್ಲಿ ಮೇ ತಿಂಗಳಲ್ಲೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲೂ ಉತ್ತಮ ಮಳೆಯಾಗುವುದರಿಂದ ವರ್ಷಕ್ಕೆ ಎರಡು ಬಾರಿ ಸಂಗ್ರಹಿಸಿಕೊಳ್ಳಬಹುದು. ಕೊಳವೆ ಬಾವಿಯ ನೀರು 400 ಮಿ.ಗ್ರಾಂ. ಇದ್ದಲ್ಲಿ ಅದರ ಒಂದು ಪಾಲಿಗೆ ಮೂರು ಪಾಲು ಮಳೆನೀರು ಬೆರೆಸಿದರೆ ಸುಮಾರು 100 ಮಿ.ಗ್ರಾಂ.ಗೆ ಇಳಿಯುತ್ತದೆ. ಆರ್.ಓ. ಯಂತ್ರದ ನೀರನ್ನೂ ಇದೇ ಲೆಕ್ಕದಲ್ಲಿ ಬೆರೆಸಬಹುದು. ಬರಿಯ ಮಳೆನೀರಿನಲ್ಲಿ ಲವಣಾಂಶ ಇರುವುದಿಲ್ಲವಾದ್ದರಿಂದ ಪಿ.ಹೆಚ್. ಮೌಲ್ಯ ಹಠಾತ್ತನೆ ಕುಸಿಯುವ ಸಂಭವವಿದೆ, ಬೆರೆಸಿಯೇ ಬಳಸಬೇಕು.

ಆಮ್ಲ ಹಾಕಿ ಗಡಸುತನ ಇಳಿಸುವ ಪ್ರಯತ್ನ ಬೇಡ. ಅದರಿಂದ ಕ್ಷಾರತೆ ಕುಗ್ಗುತ್ತದೆಯೇ ಹೊರತು ಕ್ಯಾಲ್ಸಿಯಂ ಅಲ್ಲಿಯೇ ಉಳಿಯುತ್ತದೆ. ಹೊಸ ಸಿಮೆಂಟ್ ತೊಟ್ಟಿಗಳು ಸುಣ್ಣದಂಶವನ್ನು ಬಿಡುತ್ತವೆ. ಬಾಳೆ ದಿಂಡಿನ ತುಂಡುಗಳನ್ನು ಹಾಕಿ ನೀರು ತುಂಬಿಸಿ, ಪದೇ ಪದೇ ಬದಲಾಯಿಸಿದ ನಂತರವೇ ಮೀನು ಬಿಡತಕ್ಕದ್ದು. ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಲವಣವಲ್ಲ. ತೊಟ್ಟಿಯ ನೀರು ಅರ್ಧಕ್ಕಿಳಿದರೆ ಗಡಸುತನ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದನ್ನು ಮತ್ತೆ ಗಡಸು ನೀರಿನಿಂದಲೇ ತುಂಬಿಸಬಾರದು.

ಅರ್ಜಿ ಸಲ್ಲಿಸುವ ಮುನ್ನ

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂ. ಹಾಗೂ ಸಂತಾನೋತ್ಪತ್ತಿ ಒಳಗೊಂಡ ಸಮಗ್ರ ಘಟಕಕ್ಕೆ 25 ಲಕ್ಷ ರೂ. ಘಟಕ ವೆಚ್ಚವನ್ನು ನಿಗದಿಪಡಿಸಲಾಗಿತ್ತು. ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನದ ಅವಕಾಶ ಕಲ್ಪಿಸಲಾಗಿತ್ತು. ಉಳಿದ ಮೊತ್ತ ಫಲಾನುಭವಿಯದೇ ಆದ್ದರಿಂದ, ಸಾಲ ಪಡೆಯುವ ಮುನ್ನವೇ ನೀರಿನ ಪರೀಕ್ಷೆ ಮಾಡಿಸುವುದು ಅವಶ್ಯಕ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಮಾಡಿಸಿದಲ್ಲಿ ನಿಜಸ್ಥಿತಿ ತಿಳಿಯುತ್ತದೆ. ವರದಿಯಲ್ಲಿ "ಕುಡಿಯಲು ಯೋಗ್ಯ" ಎಂದಿದ್ದರೆ ಸಾಲದು: ಕುಡಿಯುವ ನೀರಿನ ಭಾರತೀಯ ಮಾನಕದಂತೆ 200 ಮಿ.ಗ್ರಾಂ. ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೂ ಅನುಮತಿ ಇದೆ. ಟೆಟ್ರಾ ಮೊಟ್ಟೆಗೆ ಮೊದಲನೆಯ ಮಿತಿಯೇ ಹೆಚ್ಚು.

ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಸಂರಕ್ಷಿತ ಅರಣ್ಯದ ಹಳ್ಳಗಳಿಂದ ತಾಯಿ ಮೀನುಗಳನ್ನು ಹಿಡಿದು ತರುವಂತಿಲ್ಲ. ಮಾರಾಟವಾಗದೆ ಉಳಿದ ಮೀನುಗಳನ್ನು ಕೆರೆ, ಹೊಳೆಗಳಿಗೆ ಬಿಡಬಾರದು. ಪ್ರಸ್ತುತ ಲಭ್ಯವಿರುವ ಯೋಜನೆಗಳು ಮತ್ತು ಅರ್ಜಿ ನಮೂನೆಗಾಗಿ ಆಸಕ್ತರು ನೀರಿನ ಪರೀಕ್ಷಾ ವರದಿಯೊಂದಿಗೆ ಆಯಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.