ವ್ಯಾನಿನಲ್ಲಿ ವಿಜಯಪುರ: ಬಂದವರಿಗೆ ನೀರು, ನೆರಳು ಕೊಟ್ಟ ಊರು

ವ್ಯಾನಿನಲ್ಲೇ ಅಡುಗೆ ಮಾಡಿಕೊಂಡು, ವ್ಯಾನಿನಲ್ಲೇ ಮಲಗಿ ಊರೂರು ಸುತ್ತುವವರ ವಿಡಿಯೊಗಳನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಅದಕ್ಕೆ ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಹೆಸರು ಹೊಸದು, ರೂಢಿ ಹಳೆಯದು. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗಿ, ಅದರ ಕೆಳಗೇ ಮಲಗೆದ್ದು ಬಂದ ಹಿರಿಯರು ನಮ್ಮ ಕಡೆ ಮನೆಮನೆಯಲ್ಲೂ ಇದ್ದರು.

ಹೀಗೆ ಗಾಡಿ ಕಟ್ಟಿಕೊಂಡು ಬಂದವರಿಗೆ ನಗರದಿಂದ ಬೇಕಾಗುವುದು ಮೂರೇ: ಗಾಡಿ ನಿಲ್ಲಿಸಲು ಜಾಗ, ನೀರು, ರಾತ್ರಿ ಯಾರೂ ಎಬ್ಬಿಸಿ ಕಳಿಸುವುದಿಲ್ಲ ಎಂಬ ಧೈರ್ಯ. ಕಳೆದ ಚಳಿಗಾಲದಲ್ಲಿ ನಾವು ನಾಲ್ವರು ಗೆಳೆಯರು ಸರಕಿನ ಟೆಂಪೋದೊಳಗೆ ಹಾಸಿಗೆ ಹಾಸಿ, ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡು ವಿಜಯಪುರಕ್ಕೆ ಹೋದೆವು. ಗುಮ್ಮಟ ನೋಡುವ ಆಸೆ ಇದ್ದೇ ಇತ್ತು. ಅದರ ಜೊತೆಗೆ, 400 ವರ್ಷಗಳ ಹಿಂದೆ ಇದೇ ಊರಿಗೆ ಬಂದ ಬಡ ಪ್ರಯಾಣಿಕರು ಎಲ್ಲಿ ತಂಗುತ್ತಿದ್ದರು ಎಂದು ತಿಳಿಯಬೇಕಿತ್ತು.

ಆಗ ಇಲ್ಲಿ ಆದಿಲ್ ಶಾಹಿಗಳ ಆಳ್ವಿಕೆ. 1565ರಲ್ಲಿ ರಕ್ಕಸ-ತಂಗಡಗಿ ಯುದ್ಧದಲ್ಲಿ ವಿಜಯನಗರ ಸೋತಿತು. ಅಲ್ಲಿಂದ ನೆಲೆ ಕಳೆದುಕೊಂಡ ಅನೇಕ ಜನ ವಿಜಯಪುರಕ್ಕೆ ಬಂದರು. ಅದೇ ಸುಮಾರಿಗೆ ಒಂದನೇ ಅಲಿ ಆದಿಲ್ ಶಾ ಸುಮಾರು 10 ಕಿ.ಮೀ. ಸುತ್ತಳತೆಯ ಕೋಟೆಗೋಡೆ ಕಟ್ಟಿಸಿದ. ಒಳಗೆ ಜನ ಹೆಚ್ಚಿದರು, ನೀರು ಸಾಲದಾಯಿತು. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ರಾಜಧಾನಿ ಉಳಿಯಬೇಕಾದರೆ ಮೊದಲು ನೀರು ಬೇಕು. 1579ರಲ್ಲಿ ಅವನು ತನ್ನ ಪತ್ನಿ ಚಾಂದ್ ಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿ ಕಟ್ಟಿಸಿದ.

ಹೊರಗಿನಿಂದ ಬರುವವರೂ ಕಡಿಮೆ ಇರಲಿಲ್ಲ. ಆ ಕಾಲದಲ್ಲಿ ದಖ್ಖನಿನ ದವಸ, ಉಪ್ಪು ಎತ್ತುಗಳ ಬೆನ್ನ ಮೇಲೆ ಸಾಗುತ್ತಿದ್ದವು. ಹತ್ತು ಹನ್ನೆರಡು ಸಾವಿರ ಎತ್ತುಗಳ ತಂಡಗಳ ಬಗ್ಗೆ ಫ್ರಾನ್ಸಿನ ವ್ಯಾಪಾರಿ ತಾವೆರ್ನಿಯೆ ಬರೆದಿಟ್ಟಿದ್ದಾನೆ. ಈ ಹೇರು ಹೊಡೆಯುತ್ತಿದ್ದವರಲ್ಲಿ ಲಂಬಾಣಿಗರು ಮುಖ್ಯರು. ಹೆಂಡತಿ, ಮಕ್ಕಳು, ಪಾತ್ರೆ ಪಡಗ ಎಲ್ಲವೂ ದಾರಿಯ ಮೇಲೆಯೇ. ಈಗಿನ ವ್ಯಾನಿನವರಿಗೆ ಇವರೇ ಹಿರಿಯರು ಎನ್ನಬಹುದು.

ಇಂಥ ದಾರಿಹೋಕರಿಗೆ ಊರು ಏನು ಕೊಟ್ಟಿತ್ತು ಎಂಬುದಕ್ಕೆ ಉತ್ತರ ಊರಿನ ಪಶ್ಚಿಮಕ್ಕೆ, ಮೆಕ್ಕಾ ದರವಾಜೆಯ ಹತ್ತಿರ ಇದೆ. ಅದು ತಾಜ್ ಬಾವಡಿ. 1620ರಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾನ ಕಾಲದಲ್ಲಿ, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ್ದು. ಎದುರಿಗೆ ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಬುರುಜು. ಮೆಟ್ಟಿಲಿಳಿದರೆ ಚೌಕಾಕಾರದ ಭಾರಿ ಬಾವಿ. ನಾವು ಹುಡುಕುತ್ತಿದ್ದುದು ಬಾವಿಯ ಅಕ್ಕಪಕ್ಕದಲ್ಲಿತ್ತು. ಪೂರ್ವಕ್ಕೂ ಪಶ್ಚಿಮಕ್ಕೂ ಚಾಚಿಕೊಂಡಿದ್ದ ಕಟ್ಟಡಗಳು ಪ್ರಯಾಣಿಕರು ತಂಗಲೆಂದೇ ಇದ್ದವು. ಊರ ಬಾಗಿಲು ದಾಟಿದ ಕೂಡಲೇ ನೀರು, ನೀರಿನ ಪಕ್ಕದಲ್ಲೇ ಸೂರು. ರಾಣಿಯ ಹೆಸರು ಉಳಿಯಲೆಂದು ಕಟ್ಟಿದ್ದು ದಾರಿಹೋಕರ ಉಪಯೋಗಕ್ಕೆ ಬಂತು.

ಬಾವಿಗಳಷ್ಟೇ ಸಾಲಲಿಲ್ಲ. 1651ರಲ್ಲಿ ಮೊಹಮ್ಮದ್ ಆದಿಲ್ ಶಾ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ನೆಲದೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳು. ನೀರಿನ ಒತ್ತಡ ತಗ್ಗಿಸಿ ಕೊಳವೆ ಒಡೆಯದಂತೆ ಕಾಯುವುದು, ಕೆಸರು ತಳಕ್ಕೆ ಕೂರುವಂತೆ ಮಾಡುವುದು ಇವುಗಳ ಕೆಲಸ. ಕೆಲವು ಗಂಜ್‌ಗಳು ಇಂದಿಗೂ ನಿಂತಿವೆ. ಎಷ್ಟೋ ಜನ ಅವನ್ನು ಹಾಳು ಬುರುಜು ಎಂದುಕೊಂಡು ಮುಂದೆ ಹೋಗುತ್ತಾರೆ.

ಬಂದವರನ್ನು ನಿಲ್ಲಿಸಿಕೊಳ್ಳುವುದೂ ಓಡಿಸುವುದೂ ನೀರೇ ಎಂದು ಈ ಊರಿಗೆ ಚೆನ್ನಾಗಿ ಗೊತ್ತಿತ್ತು. ಮೊಘಲರ ಸೇನಾನಿ ಜೈಸಿಂಗ್ ದಂಡೆತ್ತಿ ಬಂದಾಗ ಎರಡನೇ ಅಲಿ ಆದಿಲ್ ಶಾ ಊರ ಸುತ್ತಲಿನ ಕೆರೆಗಳನ್ನು ಬರಿದು ಮಾಡಿಸಿ, ಬಾವಿಗಳನ್ನು ಕೆಡಿಸಿದ. ನೀರು, ಮೇವು ಸಿಗದ ಆ ದಂಡು 1666ರ ಆರಂಭದಲ್ಲಿ ಹಿಂದೆ ಸರಿಯಿತು. ಆದರೆ 1686ರಲ್ಲಿ ಔರಂಗಜೇಬ್ ಊರನ್ನು ಗೆದ್ದ. ರಾಜಧಾನಿ ಎಂಬ ಪಟ್ಟ ಹೋಯಿತು.

ಈಗ ನೀವು ಹೋಗುವುದಾದರೆ ಹೀಗೆ ಮಾಡಿ. ಗಾಡಿಯನ್ನು ಒಂದೇ ಕಡೆ ನಿಲ್ಲಿಸಿ, ಡೀಸೆಲ್ ಉಳಿಯುತ್ತದೆ. ಬೆಳಿಗ್ಗೆ ಬೇಗ ಗೋಲಗುಮ್ಮಟ ಹತ್ತಿ. ಶಾಲಾ ಮಕ್ಕಳ ಬಸ್ಸುಗಳು ಬರುವ ಮೊದಲು ಹೋದರೆ ಮಾತ್ರ ಆ ಗ್ಯಾಲರಿಯಲ್ಲಿ ಪಿಸುಮಾತು ಪಿಸುಮಾತಾಗಿಯೇ ಕೇಳುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆಮೇಲೆ ಅಸರ್ ಮಹಲ್. 1646ರಲ್ಲಿ ಇದನ್ನು ಕಟ್ಟಿದ್ದು ನ್ಯಾಯದ ಕಚೇರಿಯಾಗಿ. ಹಳ್ಳಿಗಳಿಂದ ನ್ಯಾಯ ಕೇಳಿ ಬಂದವರನ್ನು ಅಲ್ಲಿ ನಿಂತು ನೆನೆಸಿಕೊಳ್ಳಿ. ನಂತರ ಬಾರಾ ಕಮಾನ್, 1584ರ ಉಪ್ಪಲಿ ಬುರುಜು, 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿ, ಕೊನೆಗೆ ಸಂಜೆ ಬಿಸಿಲಿನಲ್ಲಿ ಇಬ್ರಾಹಿಂ ರೋಜಾ. ನಡೆಯಲಾಗದವರು ಆಟೊ ಅಥವಾ ಟಾಂಗಾ ಹಿಡಿಯಬಹುದು, ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಸಿಗುತ್ತವೆ.

ನೋಡುವುದು ಅಗ್ಗ, ತಂಗುವುದೇ ಕಷ್ಟ. ಮೊದಲ ರಾತ್ರಿ ಒಂದು ಕಡೆಯಿಂದ ಕಾವಲುಗಾರ ನಮ್ಮನ್ನು ಎಬ್ಬಿಸಿ ಕಳಿಸಿದ. ಆಮೇಲೆ ಒಂದು ಪೆಟ್ರೋಲ್ ಬಂಕಿನವರು ನಿಲ್ಲಲು ಬಿಟ್ಟರು, ನೀರೂ ಕೊಟ್ಟರು. ಅಲ್ಲಿ ನಮ್ಮ ಪಕ್ಕ ಇನ್ನೊಂದು ಗಾಡಿ ನಿಂತಿತ್ತು. ಅವರು ಊರು ನೋಡಲು ಬಂದವರಲ್ಲ. ಆಸ್ಪತ್ರೆಯಲ್ಲಿ ಅವರ ಮನೆಯ ಹಿರಿಯರೊಬ್ಬರು ದಾಖಲಾಗಿದ್ದರು. ಲಾಡ್ಜಿಗೆ ಕೊಡಲು ಹಣವಿಲ್ಲದೆ ಮೂರು ರಾತ್ರಿಗಳಿಂದ ಗಾಡಿಯಲ್ಲೇ ಇದ್ದರು.

ನಮ್ಮ ಹಳ್ಳಿಗಳಿಂದ ನಗರಕ್ಕೆ ಹೋಗುವವರು ಹೆಚ್ಚಾಗಿ ಇಂಥವರೇ: ಆಸ್ಪತ್ರೆಗೆ, ಕೋರ್ಟಿಗೆ, ಮಕ್ಕಳ ಪರೀಕ್ಷೆಗೆ. ಕೆಲವು ವರ್ಷಗಳ ಹಿಂದೆ ತಾಜ್ ಬಾವಡಿಯ ಹೂಳು ತೆಗೆದರು, ಅದು ಒಳ್ಳೆಯ ಕೆಲಸ. ಆದರೆ ಬಾವಡಿಯ ಅರ್ಧ ಕೆಲಸ ನೀರು ಕೊಡುವುದಾದರೆ ಇನ್ನರ್ಧ ಸೂರು ಕೊಡುವುದಾಗಿತ್ತು. ಹಳೆಯ ಕಟ್ಟಡದಲ್ಲಿ ಮಲಗಲು ಬಿಡಿ ಎಂದು ನಾವು ಕೇಳುತ್ತಿಲ್ಲ. ಒಂದು ಬಯಲು, ಒಂದು ನಲ್ಲಿ, ಶೌಚಾಲಯ, ರಾತ್ರಿಗೊಂದು ದೀಪ ಸಾಕು. 1620ರಲ್ಲಿ ಆದ ಕೆಲಸ ಇದು. ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಇಂಥ ಜಾಗ ಇದೆಯೇ ಎಂದು ಮುಂದಿನ ಸಲ ಹೋದಾಗ ನೋಡಿ. ಇಲ್ಲದಿದ್ದರೆ ವಾರ್ಡಿನ ಸದಸ್ಯರನ್ನು, ಶಾಸಕರನ್ನು ಕೇಳಿ.