ಚಾವಣಿ ಮಡಚುವ ಕಾರು: ಹಳೆಯ ರೂಪ, ಹೊಸ ಭೌತವಿಜ್ಞಾನ

ಕಾರ್ಲ್ ಬೆಂಜ್ 1886ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ ಮೂರು ಚಕ್ರದ ಮೋಟಾರು ಗಾಡಿಗೆ ಚಾವಣಿ ಇರಲಿಲ್ಲ. ಅನಂತರ ಸುಮಾರು ಮೂರು ದಶಕಗಳ ಕಾಲ ಬಂದ ಕಾರುಗಳಲ್ಲಿ ಹೆಚ್ಚಿನವು ತೆರೆದವೇ. ಮಳೆ ಬಂದರೆ ಕುದುರೆ ಸಾರೋಟಿನಂತೆ ಕ್ಯಾನ್ವಾಸ್ ಹೊದಿಕೆ ಎಳೆದುಕೊಳ್ಳಬೇಕಿತ್ತು. ಆ ಕಾಲದಲ್ಲಿ ಮುಚ್ಚಿದ ಕಾರು ಶ್ರೀಮಂತರ ಸೊತ್ತು. ಇಂದು ಪರಿಸ್ಥಿತಿ ತಿರುವುಮುರುವಾಗಿದೆ. ಮುಚ್ಚಿದ ಕಾರು ಎಲ್ಲರದ್ದು, ತೆರೆಯುವ ಕಾರು ಕೆಲವರ ಶೋಕಿ. ಅದರಲ್ಲೂ 1950-60ರ ದಶಕಗಳ ರೂಪವನ್ನು ನೆನಪಿಸುವಂತೆ ಹೊಸದಾಗಿ ತಯಾರಿಸಿದ 'ರೆಟ್ರೊ' ಶೈಲಿಯ ಕನ್ವರ್ಟಿಬಲ್‌ಗಳಿಗೆ ಕಳೆದ ಮೂರು ದಶಕಗಳಲ್ಲಿ ವಿಶೇಷ ಬೇಡಿಕೆ ಕಂಡುಬಂದಿದೆ. ತೆರೆದ ಕಾರು ಏಕೆ ಮರೆಯಾಯಿತು, ಹಳೆಯ ವೇಷದಲ್ಲಿಯೇ ಏಕೆ ಮರಳಿ ಬಂತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಪದವಿಪೂರ್ವ ತರಗತಿಯ ಭೌತವಿಜ್ಞಾನದ ಹಲವು ಪಾಠಗಳು ಸಿಗುತ್ತವೆ.

ಚಾವಣಿ ಬಂದ ಬಗೆ

1919ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಮುಚ್ಚಿದವು ಶೇಕಡ 10ರಷ್ಟು ಮಾತ್ರ. 1927ರ ಹೊತ್ತಿಗೆ ಅವು ಶೇಕಡ 85ರಷ್ಟಾದವು. ಕೇವಲ ಎಂಟು ವರ್ಷಗಳಲ್ಲಿ ಆದ ಈ ಬದಲಾವಣೆಯ ಹಿಂದೆ ಹಡ್ಸನ್ ಸಂಸ್ಥೆ 1922ರಲ್ಲಿ ತಂದ 'ಎಸೆಕ್ಸ್ ಕೋಚ್' ಎಂಬ ಅಗ್ಗದ ಮುಚ್ಚಿದ ಕಾರಿನ ಪಾತ್ರ ದೊಡ್ಡದು.

ಆದರೆ ಮುಚ್ಚಿದ ಕಾರುಗಳ ಚಾವಣಿಯೂ ಬಹುಕಾಲ ಪೂರ್ತಿ ಉಕ್ಕಿನದಾಗಿರಲಿಲ್ಲ. ಚಾವಣಿಯ ನಡುಭಾಗಕ್ಕೆ ಬಟ್ಟೆಯನ್ನೇ ಬಿಗಿಯುತ್ತಿದ್ದರು. ಅಷ್ಟು ಅಗಲದ ಉಕ್ಕಿನ ತಗಡನ್ನು ಒಂದೇ ಹಾಳೆಯಾಗಿ ಉರುಳಿಸುವ ಗಿರಣಿಗಳು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಜನರಲ್ ಮೋಟಾರ್ಸ್ ತನ್ನ 1935ರ ಮಾದರಿಗಳಲ್ಲಿ ಒಂದೇ ಹಾಳೆಯ ಉಕ್ಕಿನ ಚಾವಣಿಯನ್ನು ಅಳವಡಿಸಿತು. ಅದಕ್ಕೂ ಒಂದು ವರ್ಷ ಮೊದಲು, 1934ರಲ್ಲಿ, ಫ್ರಾನ್ಸಿನ ಸಿಟ್ರೊಯೆನ್ ತನ್ನ 'ಟ್ರಾಕ್ಸಿಯೋಂ ಅವಾಂ' ಕಾರಿನಲ್ಲಿ ಪ್ರತ್ಯೇಕ ಚಾಸಿಯನ್ನೇ ಕೈಬಿಟ್ಟು, ಒಡಲೇ ಚೌಕಟ್ಟಾಗುವ 'ಏಕಘಟಕ' ರಚನೆಯನ್ನು ತಂದಿತು.

ಈ ಎರಡು ಬೆಳವಣಿಗೆಗಳು ಸೇರಿದಾಗ ಚಾವಣಿಯ ಅರ್ಥವೇ ಬದಲಾಯಿತು. ಹಿಂದೆ ಅದು ಬಿಸಿಲು ಮಳೆಗೆ ಹಿಡಿದ ಕೊಡೆ ಮಾತ್ರ. ಭಾರ ಹೊರುವ ಕೆಲಸ ಕೆಳಗಿನ ಚಾಸಿಯದಾಗಿತ್ತು. ಏಕಘಟಕ ರಚನೆಯಲ್ಲಿ ಚಾವಣಿಯೂ ಭಾರ ಹೊರುವ ಅಂಗ. ಕೊಡೆಯನ್ನು ಮಡಚಬಹುದು, ಮನೆಯ ತೊಲೆಯನ್ನು ಮಡಚಲಾದೀತೇ?

ಒಂದು ಸರಳ ಪ್ರಯೋಗ

ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ರಟ್ಟಿನ ಒಂದು ಚಪ್ಪಲಿ ಡಬ್ಬಿಯ ಮುಚ್ಚಳ ತೆಗೆದು, ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಡಬ್ಬಿ ಸಲೀಸಾಗಿ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳ ಹಾಕಿ ಸುತ್ತಲೂ ಅಂಟುಪಟ್ಟಿ ಹಚ್ಚಿ ಮತ್ತೆ ಪ್ರಯತ್ನಿಸಿ. ಅದೇ ರಟ್ಟು, ಅದೇ ಕೈಗಳು, ಆದರೆ ಡಬ್ಬಿ ಜಗ್ಗುವುದಿಲ್ಲ.

ತಿರುಚುವಿಕೆಗೆ ವಸ್ತು ಒಡ್ಡುವ ಪ್ರತಿರೋಧವೇ ತಿರುಚು ದೃಢತೆ. ತೆಳುವಾದ ಕೊಳವೆಯೊಂದನ್ನು ಉದ್ದಕ್ಕೂ ಸೀಳಿದರೆ ಅದರ ತಿರುಚು ದೃಢತೆ ಎಷ್ಟು ಕುಸಿಯುತ್ತದೆ ಎಂಬುದಕ್ಕೆ ಒಂದು ಸೂತ್ರವಿದೆ. ಕೊಳವೆಯ ತ್ರಿಜ್ಯವನ್ನು ಗೋಡೆಯ ದಪ್ಪದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, 3ರಿಂದ ಗುಣಿಸಬೇಕು. ತ್ರಿಜ್ಯ 30 ಮಿಲಿಮೀಟರ್, ದಪ್ಪ 1 ಮಿಲಿಮೀಟರ್ ಎಂದಿಟ್ಟುಕೊಂಡರೆ 2,700 ಬರುತ್ತದೆ. ಅಂದರೆ ಸೀಳದ ಕೊಳವೆ ಸೀಳಿದ ಕೊಳವೆಗಿಂತ 2,700 ಪಟ್ಟು ದೃಢ. ಸೀಳುವಾಗ ಕಳೆದುಕೊಂಡ ಲೋಹ ಎಷ್ಟು? ಹೆಚ್ಚುಕಡಿಮೆ ಏನೂ ಇಲ್ಲ. ದೃಢತೆ ಇರುವುದು ಲೋಹದ ಪ್ರಮಾಣದಲ್ಲಿ ಮಾತ್ರವಲ್ಲ, ಆಕಾರ ಮುಚ್ಚಿಕೊಂಡಿರುವುದರಲ್ಲಿಯೂ ಎಂಬುದು ಇಲ್ಲಿನ ಪಾಠ.

ಕಾರಿನ ಚಾವಣಿ ತೆಗೆದಾಗ ನಷ್ಟ ಇಷ್ಟು ಭಯಂಕರವಾಗಿರುವುದಿಲ್ಲ. ಬಾಗಿಲ ಕೆಳಗಿನ ಹೊಸ್ತಿಲು, ನಡುವಿನ ಸುರಂಗ, ಮುಂದಿನ ಅಡ್ಡಗೋಡೆ ಮುಂತಾದ ಮುಚ್ಚಿದ ಭಾಗಗಳು ಉಳಿದಿರುತ್ತವೆ. ಆದರೂ ದೃಢತೆ ಬಹಳಷ್ಟು ಇಳಿಯುತ್ತದೆ. ಇದರ ಪರಿಣಾಮ ಚಾಲಕನಿಗೆ ನೇರವಾಗಿ ತಿಳಿಯುತ್ತದೆ. ಒಡಲಿನ ಸ್ವಾಭಾವಿಕ ಕಂಪನದ ಆವೃತ್ತಿಯು ದೃಢತೆಯ ವರ್ಗಮೂಲವನ್ನು ಅನುಸರಿಸುತ್ತದೆ. ದೃಢತೆ ಕಾಲು ಭಾಗಕ್ಕೆ ಇಳಿದರೆ ಆವೃತ್ತಿ ಅರ್ಧಕ್ಕೆ ಇಳಿಯುತ್ತದೆ. ರಸ್ತೆಯ ಉಬ್ಬುತಗ್ಗುಗಳಲ್ಲಿ ಚಕ್ರಗಳು ಕುಪ್ಪಳಿಸುವ ಆವೃತ್ತಿ ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್. ಒಡಲಿನ ಆವೃತ್ತಿ ಇದರ ಸಮೀಪಕ್ಕೆ ಇಳಿದರೆ ಅನುರಣನೆ ಉಂಟಾಗಿ, ಮುಂಗಾಜಿನ ಚೌಕಟ್ಟು, ಸ್ಟಿಯರಿಂಗ್, ಒಳಗನ್ನಡಿ ಎಲ್ಲವೂ ನಡುಗುತ್ತವೆ.

ಇದಕ್ಕೆ 1960ರ ದಶಕದಲ್ಲಿ ಅಮೆರಿಕದ ಕೆಲವು ತಯಾರಕರು ಒಂದು ಉಪಾಯ ಹೂಡಿದರು. ಕಾರಿನ ಮೂಲೆಗಳಲ್ಲಿ ಸ್ಪ್ರಿಂಗ್ ಮೇಲೆ ಕೂರಿಸಿದ ಭಾರದ ಗುಂಡುಗಳನ್ನು ಡಬ್ಬಿಗಳಲ್ಲಿಟ್ಟು ಬಿಗಿದರು. ಒಡಲು ನಡುಗಿದಾಗ ಗುಂಡು ವಿರುದ್ಧ ದಿಕ್ಕಿನಲ್ಲಿ ಆಡಿ ನಡುಕವನ್ನು ಹೀರಿಕೊಳ್ಳುತ್ತಿತ್ತು. ಇಂತಹ ಕಂಪನ ಶಾಮಕದ ತತ್ತ್ವಕ್ಕೆ ಜರ್ಮನಿಯ ಹರ್ಮನ್ ಫ್ರಾಮ್ 1911ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಎತ್ತರದ ಕಟ್ಟಡಗಳು ಗಾಳಿಗೆ ತೂಗದಂತೆ ತಡೆಯಲು ಮೇಲಂತಸ್ತಿನಲ್ಲಿ ತೂಗುಬಿಡುವ ಭಾರಗಳ ಹಿಂದಿರುವುದೂ ಇದೇ ತತ್ತ್ವ.

ಗಟ್ಟಿ ಚಾವಣಿಯನ್ನೇ ಮಡಚಿದವರು

ಬಟ್ಟೆಯ ಬದಲು ಲೋಹದ ಚಾವಣಿಯನ್ನೇ ಡಿಕ್ಕಿಯೊಳಗೆ ಸರಿಸುವ ಯೋಚನೆ 1930ರ ದಶಕದ್ದು. ಫ್ರಾನ್ಸಿನ ಜಾರ್ಜ್ ಪೋಲಾಂ ವೃತ್ತಿಯಿಂದ ದಂತವೈದ್ಯರು, ಹವ್ಯಾಸದಿಂದ ಕಾರುಗಳ ವಿನ್ಯಾಸಕರು. ಅವರ ವಿನ್ಯಾಸವನ್ನು ಆಧರಿಸಿ ಪ್ಯೂಜೊ ಸಂಸ್ಥೆಯ 'ಎಕ್ಲಿಪ್ಸ್' ಕಾರುಗಳು 1934ರಿಂದ ಬಂದವು. ಎರಡನೆಯ ಮಹಾಯುದ್ಧದಲ್ಲಿ ಪೋಲಾಂ ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಿ ಸೆರೆಸಿಕ್ಕರು. 1942ರಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರ ಕಲ್ಪನೆ ಮಾತ್ರ ಉಳಿಯಿತು. 1957ರಿಂದ 1959ರವರೆಗೆ ಫೋರ್ಡ್ 'ಸ್ಕೈಲೈನರ್' ಎಂಬ ಇಂತಹ ಕಾರನ್ನು ತಯಾರಿಸಿತು. 1990ರ ದಶಕದ ನಂತರ ಹಲವು ಸಂಸ್ಥೆಗಳು ಮತ್ತೆ ಈ ದಾರಿ ಹಿಡಿದವು.

ಮರೆಯಾದ ವರ್ಷಗಳು

ಅಮೆರಿಕದಲ್ಲಿ ಕನ್ವರ್ಟಿಬಲ್ ತಯಾರಿಕೆ 1965ರಲ್ಲಿ ಸುಮಾರು 5 ಲಕ್ಷ ಮುಟ್ಟಿತ್ತು. ಹತ್ತು ವರ್ಷಗಳಲ್ಲಿ ಅದು ನೆಲಕಚ್ಚಿತು. ಹೆದ್ದಾರಿಗಳ ವೇಗದಲ್ಲಿ ಗಾಳಿಯ ಗದ್ದಲ ಅಸಹನೀಯವಾಯಿತು. ಹವಾನಿಯಂತ್ರಕ ಸಾಮಾನ್ಯವಾಯಿತು. ಜೊತೆಗೆ, ಕಾರು ಮಗುಚಿದಾಗ ಒಳಗಿದ್ದವರ ಗತಿಯೇನು ಎಂಬ ಪ್ರಶ್ನೆ ಎದ್ದಿತು. 1973ರಲ್ಲಿ ಜಾರಿಗೆ ಬಂದ ಚಾವಣಿ ಸಾಮರ್ಥ್ಯದ ಮಾನಕವು ಕಾರಿನ ಖಾಲಿ ತೂಕದ ಒಂದೂವರೆ ಪಟ್ಟು ಬಲವನ್ನು ಚಾವಣಿ ತಡೆಯಬೇಕೆಂದು ವಿಧಿಸಿತು. ಕನ್ವರ್ಟಿಬಲ್‌ಗಳಿಗೆ ಇದರಿಂದ ವಿನಾಯಿತಿ ಇತ್ತು. ಆದರೂ ಮುಂದೆ ಕಾನೂನು ಇನ್ನಷ್ಟು ಬಿಗಿಯಾದೀತೆಂಬ ಅಂಜಿಕೆಯಿಂದ ತಯಾರಕರು ಹಿಂದೆ ಸರಿದರು. 1976ರ ಏಪ್ರಿಲ್‌ನಲ್ಲಿ ಕ್ಯಾಡಿಲ್ಯಾಕ್ ತನ್ನ 'ಎಲ್ಡೊರಾಡೊ'ವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಘೋಷಿಸಿ ಬೀಳ್ಕೊಟ್ಟಿತು. ಜರ್ಮನಿಯ ಕಾರ್ಮನ್ ಸಂಸ್ಥೆ 1949ರಿಂದ ತಯಾರಿಸುತ್ತಿದ್ದ ತೆರೆದ 'ಬೀಟಲ್' ಕೂಡ 1980ರಲ್ಲಿ ನಿಂತಿತು.

ಬೀಳ್ಕೊಡುಗೆ ಅವಸರದ್ದಾಗಿತ್ತು. 1982ರಲ್ಲಿ ಕ್ರೈಸ್ಲರ್ 'ಲೆಬ್ಯಾರನ್' ಮೂಲಕ ಅಮೆರಿಕದಲ್ಲಿ ತೆರೆದ ಕಾರು ಮರಳಿತು.

ಹಿರೋಷಿಮಾದಿಂದ ಬಂದ ಉತ್ತರ

ಹಳೆಯ ರೂಪದ ನಿಜವಾದ ಪುನರ್ಜನ್ಮ ಆದದ್ದು ಜಪಾನಿನಲ್ಲಿ. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಮಾಜ್ದಾ ಸಂಸ್ಥೆಯ ಕೆನಿಚಿ ಯಾಮಾಮೊಟೊ ಅವರಿಗೆ, ಬ್ರಿಟನ್ನಿನ ಹಳೆಯ ಹಗುರ ಕ್ರೀಡಾ ಕಾರುಗಳಂತಹ ಅಗ್ಗದ ಕಾರೊಂದನ್ನು ಮಾಡಬಾರದೇಕೆ ಎಂದು ಕೇಳಿದರು. ಹತ್ತು ವರ್ಷಗಳ ನಂತರ, 1989ರ ಫೆಬ್ರವರಿಯಲ್ಲಿ, ಷಿಕಾಗೊ ಪ್ರದರ್ಶನದಲ್ಲಿ 'ಎಂಎಕ್ಸ್-5' ಅನಾವರಣಗೊಂಡಿತು. 1962ರ 'ಲೋಟಸ್ ಎಲಾನ್' ಕಾರಿನ ಛಾಯೆ ಅದರಲ್ಲಿ ಸ್ಪಷ್ಟವಾಗಿತ್ತು.

ಛಾಯೆ ಹಳೆಯದು, ಅಸ್ಥಿಪಂಜರ ಹೊಸದು. ಎಲಾನ್‌ಗೆ ಬೆನ್ನೆಲುಬಿನಂತಹ ಉಕ್ಕಿನ ಚಾಸಿಯೂ ಗಾಜಿನ ನಾರಿನ ಒಡಲೂ ಇದ್ದವು. ಎಂಎಕ್ಸ್-5 ಏಕಘಟಕ ಉಕ್ಕಿನ ಒಡಲಿನದು. ಒಡಲನ್ನು ಸಾವಿರಾರು ಸಣ್ಣ ತುಣುಕುಗಳಾಗಿ ಭಾವಿಸಿ, ಪ್ರತಿ ತುಣುಕಿನ ಮೇಲಿನ ಬಲವನ್ನು ಗಣಕದಿಂದ ಲೆಕ್ಕಹಾಕುವ ವಿಧಾನ 1950ರ ದಶಕದಲ್ಲಿ ವಿಮಾನ ವಿನ್ಯಾಸಕ್ಕಾಗಿ ಬೆಳೆದದ್ದು. 1980ರ ದಶಕದ ಹೊತ್ತಿಗೆ ಅದು ಕಾರುಗಳ ವಿನ್ಯಾಸಕ್ಕೂ ಒದಗಿತು. ಎಲ್ಲಿ ಲೋಹ ಸೇರಿಸಬೇಕು, ಎಲ್ಲಿ ತೆಗೆದರೂ ನಡೆದೀತು ಎಂಬುದು ಕಾರು ಕಟ್ಟುವ ಮೊದಲೇ ತಿಳಿಯುವಂತಾಯಿತು. ಚಾವಣಿಯಿಲ್ಲದ ಉಕ್ಕಿನ ಒಡಲಿನ ಒಟ್ಟು ತೂಕವನ್ನು 1,000 ಕಿಲೋಗ್ರಾಮಿನೊಳಗೆ ಹಿಡಿದಿಡಲು ಸಾಧ್ಯವಾದದ್ದು ಹೀಗೆ. ಇದರ ಜೊತೆಗೆ ಗೇರ್‌ಪೆಟ್ಟಿಗೆಯನ್ನು ಹಿಂದಿನ ಡಿಫರೆನ್ಷಿಯಲ್‌ಗೆ ಜೋಡಿಸುವ ಅಲ್ಯೂಮಿನಿಯಂ ಚೌಕಟ್ಟನ್ನೂ ಕೊಟ್ಟರು.

ಎಂಜಿನ್ನನ್ನು ಮುಂದಿನ ಅಚ್ಚಿನ ಹಿಂದಕ್ಕೆ ಸರಿಸಿ, ಮುಂದೆ ಹಿಂದೆ ತೂಕವನ್ನು ಸರಿಸುಮಾರು ಸಮನಾಗಿ ಹಂಚಿದರು. ಭಾರವಾದ ಭಾಗಗಳು ನಡುವಿಗೆ ಬಂದಷ್ಟೂ ಜಡತ್ವ ಭ್ರಮಣಾಂಕ ಕಡಿಮೆಯಾಗಿ, ಸ್ಟಿಯರಿಂಗ್ ತಿರುಗಿಸಿದೊಡನೆ ಕಾರು ತಿರುಗುತ್ತದೆ. ನರ್ತಕಿ ತೋಳುಗಳನ್ನು ಒಳಗೆಳೆದುಕೊಂಡಾಗ ಚುರುಕಾಗಿ ಸುತ್ತುವುದಕ್ಕೂ ಇದಕ್ಕೂ ಕಾರಣ ಒಂದೇ. ಎಂಎಕ್ಸ್-5 ಓಡಿಸಿದವರು ಹೊಗಳುವ ಚುರುಕುತನಕ್ಕೆ ಎಂಜಿನ್ನಿನ ಶಕ್ತಿಗಿಂತ ಇದೇ ಮುಖ್ಯ ಕಾರಣ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಎಂಎಕ್ಸ್-5 ತಯಾರಾಯಿತು.

ಇದೇ ಕಾಲದ ಇನ್ನೂ ಕೆಲವು ರೆಟ್ರೊ ಕಾರುಗಳನ್ನು ಹೆಸರಿಸಬೇಕು. ನಿಸ್ಸಾನ್ 1991ರಲ್ಲಿ ಮಾರಿದ 'ಫಿಗಾರೊ' ನೋಡಲು 1950ರ ದಶಕದ ಆಟಿಕೆಯಂತಿದ್ದರೂ ಒಳಗೆ ಸಾಧಾರಣ 'ಮೈಕ್ರಾ'. ತಯಾರಾದ 20,000 ಕಾರುಗಳಿಗೆ ಬೇಡಿಕೆ ಎಷ್ಟಿತ್ತೆಂದರೆ ಲಾಟರಿ ಎತ್ತಿ ಹಂಚಬೇಕಾಯಿತು. ಫೋಕ್ಸ್‌ವ್ಯಾಗನ್‌ನ 'ನ್ಯೂ ಬೀಟಲ್' ತೆರೆದ ಮಾದರಿ 2003ರಲ್ಲಿ ಮಾರುಕಟ್ಟೆಗೆ ಬಂತು. ಹಳೆಯ ಬೀಟಲ್‌ನ ಎಂಜಿನ್ ಹಿಂದಿತ್ತು, ಹಿಂಚಕ್ರಗಳನ್ನು ನಡೆಸುತ್ತಿತ್ತು. ಹೊಸದರಲ್ಲಿ ಎಂಜಿನ್ ಮುಂದೆ, ಎಳೆಯುವುದೂ ಮುಂಚಕ್ರಗಳೇ.

ಫಿಯಟ್ 2016ರಿಂದ ಕೆಲವು ವರ್ಷ ಮಾರಿದ '124 ಸ್ಪೈಡರ್' ಇನ್ನೂ ಸ್ವಾರಸ್ಯಕರ. ಅದರ ರೂಪ 1966ರ ಅದೇ ಹೆಸರಿನ ಇಟಲಿಯ ಕಾರನ್ನು ನೆನಪಿಸುತ್ತಿತ್ತು, ಆದರೆ ಅದು ತಯಾರಾಗುತ್ತಿದ್ದದ್ದು ಹಿರೋಷಿಮಾದಲ್ಲಿ, ಎಂಎಕ್ಸ್-5ರ ಅಸ್ಥಿಪಂಜರದ ಮೇಲೆ. ಮೂಲ ಫಿಯಟ್ 124 ನಮಗೂ ಅಪರಿಚಿತವಲ್ಲ. 1985ರಲ್ಲಿ ನಮ್ಮ ರಸ್ತೆಗಳಿಗೆ ಬಂದ 'ಪ್ರೀಮಿಯರ್ 118 ಎನ್ಇ'ಯ ಒಡಲು ಅದರದೇ ವಂಶದ್ದು.

ಸವಾರಿ ಮತ್ತು ಸಾಕಣೆ

ಬಟ್ಟೆಯ ಚಾವಣಿ ಮುಚ್ಚಿ ವೇಗವಾಗಿ ಹೋದರೆ ಅದು ಬಲೂನಿನಂತೆ ಮೇಲಕ್ಕೆ ಉಬ್ಬುತ್ತದೆ. ಉಬ್ಬಿದ ಚಾವಣಿಯ ಮೇಲೆ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಒತ್ತಡ ಬಟ್ಟೆಯನ್ನು ಮೇಲೆತ್ತುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಳಿಯ ಚಲನ ಒತ್ತಡ ಸುಮಾರು 460 ಪ್ಯಾಸ್ಕಲ್. ಅದರ ಅರ್ಧದಷ್ಟು ವ್ಯತ್ಯಾಸ ಉಂಟಾದರೂ ಒಂದು ಚದರ ಮೀಟರ್ ಬಟ್ಟೆಯ ಮೇಲೆ 23 ಕಿಲೋಗ್ರಾಮ್ ತೂಕಕ್ಕೆ ಸಮನಾದ ಎತ್ತುಬಲ ಬೀಳುತ್ತದೆ. ಚಾವಣಿ ತೆರೆದಾಗ ಇನ್ನೊಂದು ವಿಚಿತ್ರ. ಗಾಳಿ ಮುಂದಿನಿಂದ ಬಡಿಯುವ ಬದಲು ಹಿಂದಿನಿಂದ ಕತ್ತಿಗೆ ಬೀಸುತ್ತದೆ. ಮುಂಗಾಜಿನ ಮೇಲಂಚಿನಲ್ಲಿ ಪ್ರವಾಹ ಬೇರ್ಪಟ್ಟು, ಒಳಗೆ ಸುಳಿಯಾಗಿ ಮರಳುವುದೇ ಇದಕ್ಕೆ ಕಾರಣ. ಆಸನಗಳ ಹಿಂದೆ ಒಂದು ಜಾಲರಿ ಪರದೆ ನಿಲ್ಲಿಸಿದರೆ ಸುಳಿ ಮುರಿಯುತ್ತದೆ.

ಇಂತಹ ಕಾರನ್ನು ಸಾಕುವುದೂ ಒಂದು ಶಿಸ್ತು. ಬಟ್ಟೆ ಒದ್ದೆಯಿರುವಾಗ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆನೀರು ಹರಿದುಹೋಗುವ ಸಣ್ಣ ಕಿಂಡಿಗಳಲ್ಲಿ ಎಲೆ ಸಿಕ್ಕಿಕೊಂಡರೆ ನೀರು ಒಳಗೆ ಇಳಿದು ತುಕ್ಕು ಆರಂಭವಾಗುತ್ತದೆ. ಮೊದಲ ಎಂಎಕ್ಸ್-5ರ ಹಿಂಬದಿ ಕಿಟಕಿ ಪ್ಲಾಸ್ಟಿಕ್ಕಿನದು. ಅತಿನೇರಳೆ ಕಿರಣಗಳಿಗೆ ಅದು ಮಸುಕಾಗಿ ಗಡುಸಾಗುತ್ತಿತ್ತು. 1998ರ ಎರಡನೆಯ ಪೀಳಿಗೆಯಲ್ಲಿ ಗಾಜು ಬಂತು.

ಮಗುಚಿದರೆ?

ಕಾರು ಮಗುಚುವ ಸಂಭವವನ್ನು ಅಳೆಯಲು ಒಂದು ಸರಳ ಅನುಪಾತವಿದೆ. ಎರಡು ಪಕ್ಕದ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಬೇಕು. ಅಂತರ 1.4 ಮೀಟರ್, ಎತ್ತರ 0.45 ಮೀಟರ್ ಇರುವ ತಗ್ಗು ಕಾರಿಗೆ ಉತ್ತರ ಸುಮಾರು 1.56. ಅಂತರ 1.5 ಮೀಟರ್, ಎತ್ತರ 0.7 ಮೀಟರ್ ಇರುವ ಎತ್ತರದ ವಾಹನಕ್ಕೆ ಕೇವಲ 1.07. ಅಂಕ ಹೆಚ್ಚಿದಷ್ಟೂ ಮಗುಚುವುದು ಕಷ್ಟ. ಹೀಗಾಗಿ ತಗ್ಗಾದ ಕನ್ವರ್ಟಿಬಲ್ ಸುಲಭವಾಗಿ ಮಗುಚುವುದಿಲ್ಲ. ಆದರೆ ಒಮ್ಮೆ ಮಗುಚಿದರೆ ತಲೆಗೆ ರಕ್ಷಣೆ ಬೇಕೇಬೇಕು. 1989ರಲ್ಲಿ ಮರ್ಸಿಡಿಸ್ ಬೆಂಜ್ ತನ್ನ 'ಎಸ್ಎಲ್' ಕಾರಿನಲ್ಲಿ ಅಪಾಯದ ಸೂಚನೆ ಸಿಕ್ಕೊಡನೆ 0.3 ಸೆಕೆಂಡಿನಲ್ಲಿ ಎದ್ದು ನಿಲ್ಲುವ ಉಕ್ಕಿನ ಕಮಾನನ್ನು ಅಳವಡಿಸಿತು. ತೆರೆದ ನ್ಯೂ ಬೀಟಲ್‌ನಲ್ಲಿಯೂ ಅಂತಹ ಕಮಾನುಗಳಿದ್ದವು. ಮುಂಗಾಜಿನ ಕಂಬಗಳೊಳಗೆ ಅತಿದೃಢ ಉಕ್ಕು ಸೇರಿಸುವುದು ಇನ್ನೊಂದು ಕ್ರಮ.

ನಮ್ಮಲ್ಲಿ ಹಳೆಯ ಜೀಪಿನ ರೂಪವನ್ನು ನೆನಪಿಸುವ ಮಹೀಂದ್ರ 'ಥಾರ್' 2020ರಲ್ಲಿ ಮಡಚುವ ಚಾವಣಿಯೊಂದಿಗೆ ಬಂತು. ಅದು ಚಾಸಿಯ ಮೇಲೆ ಕೂತ ಒಡಲು, ಪ್ರಯಾಣಿಕರ ತಲೆಯ ಮೇಲೆ ಉಕ್ಕಿನ ಕೊಳವೆಗಳ ಪಂಜರವೂ ಇದೆ. ಇದನ್ನೆಲ್ಲ ಗಮನಿಸದೆ, ಸಾಮಾನ್ಯ ಏಕಘಟಕ ಕಾರಿನ ಚಾವಣಿಯನ್ನು ಗ್ಯಾರೇಜಿನಲ್ಲಿ ಕತ್ತರಿಸಿ 'ಕನ್ವರ್ಟಿಬಲ್' ಮಾಡಿಸುವ ಹುಚ್ಚು ಅಲ್ಲಲ್ಲಿ ಕಾಣುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಕತ್ತರಿಸಿದ ಕಾರು ನಿಂತಿರುವಾಗ ಚೆನ್ನಾಗಿಯೇ ಕಾಣುತ್ತದೆ. ಬಾಗಿಲು ಸರಿಯಾಗಿ ಹಾಕಿಕೊಳ್ಳದಿರುವುದು, ಬೆಸುಗೆಗಳು ಬಿರಿಯುವುದು ಕೆಲವು ತಿಂಗಳ ನಂತರದ ಮಾತು. ಅಪಘಾತವಾದಾಗಲಂತೂ ಒಡಲು ಮಡಚಿಕೊಳ್ಳುವ ಜಾಗ ಪ್ರಯಾಣಿಕರು ಕೂತ ಜಾಗವೇ ಆಗುತ್ತದೆ.

ತಯಾರಕರು ಚಾವಣಿ ತೆಗೆದಾಗ ಅದು ಮಾಡುತ್ತಿದ್ದ ಕೆಲಸವನ್ನು ಹೊಸ್ತಿಲಿಗೆ, ಕಂಬಗಳಿಗೆ, ನೆಲಕ್ಕೆ ಲೆಕ್ಕಹಾಕಿ ಹಂಚಿರುತ್ತಾರೆ. ಅದಕ್ಕೆ ಅರ್ಧ ಶತಮಾನದ ಅಧ್ಯಯನ ಬೇಕಾಯಿತು. ಗ್ಯಾರೇಜಿನ ಗರಗಸಕ್ಕೆ ಆ ಲೆಕ್ಕ ಗೊತ್ತಿಲ್ಲ. ಕಾರುಗಳ ಮೋಹವಿರುವ ವಿದ್ಯಾರ್ಥಿಗಳಿಗೆ ಶಿಕ್ಷಕರು ಚಪ್ಪಲಿ ಡಬ್ಬಿಯ ಪ್ರಯೋಗವನ್ನು ಒಮ್ಮೆ ಮಾಡಿಸಿದರೆ ಸಾಕು, ಆ ಲೆಕ್ಕದ ಅಗತ್ಯ ಅವರ ಕೈಗಳಿಗೇ ತಿಳಿಯುತ್ತದೆ.